ಕಾಗದದ ಅಂಗಿ ಮೊದಲು, ಬಟ್ಟೆಯ ಅಂಗಿ ಆಮೇಲೆ

ಹೊಲಿಗೆ ಮೆಷಿನ್ ಕೊಂಡು, ದಿಂಬಿನ ಚೀಲ, ಕರ್ಟನ್, ಸೀರೆಯ ಫಾಲ್ ತನಕ ಬಂದು ಅಲ್ಲಿಗೇ ನಿಂತವರು ನಮ್ಮ ಬೀದಿಯಲ್ಲೇ ನಾಲ್ಕೈದು ಜನ ಇದ್ದಾರೆ. ನೇರ ಹೊಲಿಗೆ ಅವರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಹೊಸ ಬಟ್ಟೆ ನೆಲದ ಮೇಲೆ ಹಾಸಿ ಕತ್ತರಿ ಹಿಡಿದು ಕೂತರೆ ಕೈ ಮುಂದೆ ಹೋಗುವುದಿಲ್ಲ. ಎಲ್ಲಿಂದ ಕತ್ತರಿಸುವುದು? ಕಂಕುಳ ಹತ್ತಿರ ಎಷ್ಟು ಬಾಗಿಸುವುದು? ತಪ್ಪಿದರೆ ಮೀಟರ್‌ಗಟ್ಟಲೆ ಬಟ್ಟೆ ಹಾಳು. ಈ ಅಂಜಿಕೆ ನನಗೂ ಇತ್ತು. ಅದು ಹೋದದ್ದು ಪ್ಯಾಟರ್ನ್ ಇಟ್ಟುಕೊಂಡು ಹೊಲಿಯಲು ಶುರುಮಾಡಿದ ಮೇಲೆ.

ಪ್ಯಾಟರ್ನ್ ಅಂದರೆ ಅಂಗಿಯ ಒಂದೊಂದು ಭಾಗವನ್ನೂ ನಿಜವಾದ ಅಳತೆಯಲ್ಲಿ ಬರೆದು ಕತ್ತರಿಸಿದ ಕಾಗದ. ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಒಂದು, ತೋಳಿಗೆ ಒಂದು, ಜೇಬಿಗೆ ಒಂದು. ಇವನ್ನು ಬಟ್ಟೆಯ ಮೇಲಿಟ್ಟು, ಸುತ್ತ ಚಾಕ್‌ನಲ್ಲಿ ಗುರುತು ಹಾಕಿ ಕತ್ತರಿಸುವುದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಎಬನೇಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್‌ಗಳನ್ನು ಮಾರಲು ಶುರುಮಾಡಿದರು. ಮನೆಯಲ್ಲಿ ಹೊಲಿಯುವವರಿಗೆ ದರ್ಜಿಯ ಕಟಿಂಗ್ ಕೈಗೆ ಸಿಕ್ಕಿದ್ದು ಹಾಗೆ.

"ನಮ್ಮ ಟೈಲರ್ ಕಾಗದ ಗೀಗದ ಏನೂ ಇಲ್ಲದೆ ನೇರ ಬಟ್ಟೆಯ ಮೇಲೇ ಗೆರೆ ಎಳೆಯುತ್ತಾರಲ್ಲ?" ಎಂದು ನೀವು ಕೇಳಬಹುದು. ನಿಜ. ಅವರ ಕೈಯಲ್ಲಿ ಇಪ್ಪತ್ತು ಮೂವತ್ತು ವರ್ಷದ ಪ್ಯಾಟರ್ನ್ ಇದೆ. ಎದೆ ಅಳತೆ ಹೇಳಿದ ಕೂಡಲೇ ಕಂಕುಳ ಆಳ ಎಷ್ಟು, ಕುತ್ತಿಗೆ ಅಗಲ ಎಷ್ಟು ಎಂಬ ಲೆಕ್ಕ ತಲೆಯೊಳಗೆ ಓಡುತ್ತದೆ. ನಮಗೆ ಆ ರೂಢಿ ಬರುವ ತನಕ ಕಾಗದ ಬೇಕು. ಕಾಗದದ ಮೇಲೆ ತಪ್ಪಿದರೆ ಅಂಟಿಸಬಹುದು, ಅಳಿಸಬಹುದು, ಇನ್ನೊಂದು ಹಾಳೆ ತೆಗೆದುಕೊಳ್ಳಬಹುದು.

ಉದಾಹರಣೆಗೆ ಮೊಣಕಾಲು ತನಕ ಬರುವ, ಕೆಳಗೆ ಸ್ವಲ್ಪ ಅಗಲವಾಗುವ ಹತ್ತಿಯ ಎ-ಲೈನ್ ಕುರ್ತಿಯನ್ನು ಇಟ್ಟುಕೊಳ್ಳೋಣ. ಸೈಡ್ ಓಪನ್ ಬೇಡ, ಜಿಪ್ ಬೇಡ, ಕಾಲರ್ ಬೇಡ. ಹೊಸಬರಿಗೆ ಇದಕ್ಕಿಂತ ಸುಲಭದ ಅಂಗಿ ಇಲ್ಲ.

ಪ್ಯಾಟರ್ನ್ ಮೂರು ದಾರಿಯಲ್ಲಿ ಸಿಗುತ್ತದೆ. ಒಂದು, ಈಗಾಗಲೇ ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಿಯನ್ನು ಬ್ರೌನ್ ಪೇಪರ್ ಮೇಲೆ ಹಾಸಿ ಅಂಚು ಹಿಡಿದು ಬರೆದುಕೊಳ್ಳುವುದು. ಇದಕ್ಕೆ ಖರ್ಚೇ ಇಲ್ಲ. ಆದರೆ ಮುಂಭಾಗ ಮತ್ತು ಹಿಂಭಾಗವನ್ನು ಬೇರೆ ಬೇರೆಯಾಗಿ ಬರೆಯಬೇಕು. ಮುಂಭಾಗದ ಕಂಕುಳ ಬಾಗು ಹಿಂಭಾಗದ್ದಕ್ಕಿಂತ ಒಳಕ್ಕೆ ಇರುತ್ತದೆ. ಎರಡನ್ನೂ ಒಂದೇ ಮಾಡಿದರೆ ತೋಳಿನ ಮುಂದೆ ಬಟ್ಟೆ ಉಬ್ಬುತ್ತದೆ. ಎರಡು, ಹೊಲಿಗೆ ತರಗತಿಯ ಟೀಚರ್ ಹತ್ತಿರ ಅಳತೆ ಕೊಟ್ಟು ಡ್ರಾಫ್ಟ್ ಹಾಕಿಸಿಕೊಳ್ಳುವುದು. ಮೂರು, ಅಂತರ್ಜಾಲದಿಂದ ಪಿಡಿಎಫ್ ಇಳಿಸಿಕೊಳ್ಳುವುದು. ಉಚಿತವಾಗಿ ಸಿಗುವವೂ ಇವೆ, ಬುರ್ದಾ, ಸಿಂಪ್ಲಿಸಿಟಿಯಂಥ ಹಳೆಯ ಕಂಪನಿಗಳು ದುಡ್ಡಿಗೆ ಮಾರುವವೂ ಇವೆ.

ಪಿಡಿಎಫ್ ತೆಗೆದುಕೊಂಡರೆ ಒಂದು ಎಚ್ಚರ. ಪ್ರಿಂಟ್ ಕೊಡುವಾಗ ಕಂಪ್ಯೂಟರ್ ತಾನಾಗಿಯೇ "ಫಿಟ್ ಟು ಪೇಜ್" ಎಂದು ಹಾಳೆಗೆ ಹೊಂದುವಂತೆ ಚಿತ್ರವನ್ನು ಕುಗ್ಗಿಸುತ್ತದೆ. ಅದನ್ನು ತೆಗೆದು "ಆ್ಯಕ್ಚುವಲ್ ಸೈಜ್" ಅಥವಾ ಶೇ 100 ಎಂದು ಇಡಿಸಿ. ಶೇ 3ರಷ್ಟು ಕುಗ್ಗಿದರೂ ಸಾಕು, 40 ಇಂಚಿನ ಅಂಗಿ 39 ಇಂಚಿಗಿಂತ ಚಿಕ್ಕದಾಗುತ್ತದೆ. ಪ್ಯಾಟರ್ನ್‌ನಲ್ಲಿ ಒಂದು ಚಿಕ್ಕ ಚೌಕ ಇರುತ್ತದೆ, ಅದರ ಅಳತೆಯೂ ಪಕ್ಕದಲ್ಲೇ ಬರೆದಿರುತ್ತದೆ. ಮೊದಲು ಆ ಪುಟ ಒಂದನ್ನೇ ಪ್ರಿಂಟ್ ಮಾಡಿಸಿ ಸ್ಕೇಲ್ ಇಟ್ಟು ನೋಡಿ. ಎ4 ಹಾಳೆಯಲ್ಲಾದರೆ ಇಪ್ಪತ್ತು ಮೂವತ್ತು ಪುಟ ಜೋಡಿಸಿ ಅಂಟಿಸಬೇಕು, ಬೇಸರದ ಕೆಲಸ. ನಾನು ಮನೆ ಕಟ್ಟುವ ಪ್ಲಾನ್ ಪ್ರಿಂಟ್ ಹಾಕುವ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುತ್ತೇನೆ. ಅಲ್ಲಿ ಎ0 ಅನ್ನುವ ದೊಡ್ಡ ಹಾಳೆ, ಅಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಉದ್ದದ್ದು, ಸಿಗುತ್ತದೆ. ಒಂದೋ ಎರಡೋ ಹಾಳೆಯಲ್ಲಿ ಇಡೀ ಕುರ್ತಿ ಬಂದುಬಿಡುತ್ತದೆ.

ಇನ್ನು ಅಳತೆ. ಇಲ್ಲಿ ಅವಸರ ಮಾಡಬೇಡಿ. ಅಂಗಿಯೊಳಗೆ ಯಾವ ಒಳಉಡುಪು ತೊಡುತ್ತೀರೋ ಅದನ್ನೇ ತೊಟ್ಟು, ಬೇರೆಯವರ ಕೈಯಲ್ಲಿ ಅಳತೆ ತೆಗೆಸಿಕೊಳ್ಳಿ. ನಾವೇ ತೆಗೆದುಕೊಂಡರೆ ಟೇಪ್ ಬೆನ್ನ ಹಿಂದೆ ಜಾರುತ್ತದೆ. ಎದೆಯ ತುಂಬು ಭಾಗದ ಸುತ್ತಳತೆ, ಸೊಂಟ, ಹಿಪ್ ಅಂದರೆ ಪೃಷ್ಠದ ತುಂಬು ಭಾಗ, ಬೆನ್ನ ಮೇಲೆ ಈ ಭುಜದ ತುದಿಯಿಂದ ಆ ಭುಜದ ತುದಿಗೆ ಶೋಲ್ಡರ್, ಹೆಗ್ಗತ್ತಿನ ಮೂಳೆಯಿಂದ ಸೊಂಟದ ತನಕ ಬೆನ್ನಿನ ಉದ್ದ, ರಟ್ಟೆಯ ಸುತ್ತು, ಪೂರ್ತಿ ಉದ್ದ. ಸೊಂಟ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಒಂದು ಪಕ್ಕಕ್ಕೆ ಬಾಗಿ. ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲಿಗೆ ಒಂದು ದಾರ ಕಟ್ಟಿಕೊಳ್ಳಿ.

ಪ್ಯಾಟರ್ನ್‌ನ ಸೈಜ್ ನಂಬರನ್ನು ಅಂಗಡಿಯ ರೆಡಿಮೇಡ್ ಸೈಜಿನ ಜೊತೆ ಹೋಲಿಸಲೇಬಾರದು. ಬಟರಿಕ್, ಸಿಂಪ್ಲಿಸಿಟಿಯ ಪಟ್ಟಿಯಲ್ಲಿ 36 ಇಂಚಿನ ಎದೆಗೆ ಸೈಜ್ 14 ಎಂದಿರುತ್ತದೆ. ನಂಬರ್ ಬಿಟ್ಟು ಇಂಚು ನೋಡಿ. ಎದೆ ಒಂದು ಸೈಜಿಗೆ, ಹಿಪ್ ಇನ್ನೊಂದು ಸೈಜಿಗೆ ಬಂದರೆ ಗಾಬರಿ ಬೇಡ. ನಮ್ಮಲ್ಲಿ ಬಹಳ ಜನರ ಮೈಕಟ್ಟು ಹಾಗೆಯೇ ಇರುತ್ತದೆ. ಒಂದೇ ಹಾಳೆಯಲ್ಲಿ ಹಲವು ಸೈಜಿನ ಗೆರೆಗಳಿರುತ್ತವೆ. ಎದೆಯ ಹತ್ತಿರ ಚಿಕ್ಕ ಸೈಜಿನ ಗೆರೆಯಲ್ಲಿ ಹೊರಟು, ಸೊಂಟ ದಾಟುವಾಗ ನಿಧಾನಕ್ಕೆ ದೊಡ್ಡ ಸೈಜಿನ ಗೆರೆಗೆ ಸೇರಿಕೊಳ್ಳಿ. ಪ್ಯಾಟರ್ನ್ ನಿಮ್ಮದಾಗಲು ಶುರುವಾಗುವುದು ಇಲ್ಲಿಂದಲೇ.

ಮತ್ತೊಂದು ಪದ ಬರುತ್ತದೆ, ಈಸ್. ಮೈಯ ಅಳತೆಗಿಂತ ಅಂಗಿ ಎಷ್ಟು ಸಡಿಲ ಇರಬೇಕೋ ಅದು ಈಸ್. ಎದೆ 36 ಇದ್ದರೆ ಹತ್ತಿಯ ಕುರ್ತಿ ಹೊಲಿದು ಮುಗಿದಾಗ 39 ಅಥವಾ 40 ಇಂಚು ಇರಬೇಕು, ಇಲ್ಲದಿದ್ದರೆ ಉಸಿರಾಡಲು, ಕೂರಲು ಕಷ್ಟ. ಸೀರೆಯ ಬ್ಲೌಸ್ ಮೈಗೆ ಅಂಟಿ ಕೂರುವುದು, ಅದರ ಲೆಕ್ಕ ಬೇರೆ. ನಿಮಗೆ ಎಷ್ಟು ಸಡಿಲ ಇಷ್ಟ ಎಂದು ತಿಳಿಯಲು ನಿಮ್ಮ ಮೆಚ್ಚಿನ ಕುರ್ತಿಯನ್ನು ಮಂಚದ ಮೇಲೆ ಹಾಸಿ, ಈ ಕಂಕುಳಿಂದ ಆ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಬಂದ ಸಂಖ್ಯೆಯಿಂದ ನಿಮ್ಮ ಎದೆ ಅಳತೆ ಕಳೆದರೆ ಉತ್ತರ ಸಿಕ್ಕಿತು.

ಕಾಗದದ ಮೇಲಿನ ಗುರುತುಗಳು ಮೊದಲ ಸಲ ನೋಡಿದರೆ ಗೊಂದಲ. ನಿಜಕ್ಕೂ ಮುಖ್ಯವಾದವು ಮೂರೇ. ಎರಡೂ ತುದಿಗೆ ಬಾಣ ಇರುವ ಉದ್ದ ಗೆರೆಗೆ ಗ್ರೇನ್‌ಲೈನ್ ಅನ್ನುತ್ತಾರೆ. ನೇಯ್ಗೆಯಲ್ಲಿ ಹಾಸು, ಹೊಕ್ಕು ಇವೆಯಲ್ಲ, ಆ ಗೆರೆ ಹಾಸಿನ ಎಳೆಗೆ ಸಮಾನಾಂತರವಾಗಿರಬೇಕು. ಬಟ್ಟೆಯ ಅಂಚಿನಿಂದ ಬಾಣದ ಎರಡೂ ತುದಿಗೆ ಟೇಪ್ ಹಿಡಿದು ಒಂದೇ ಅಳತೆ ಬರುತ್ತದೆಯೇ ನೋಡಿ. ಓರೆಯಾದರೆ ಎರಡು ಸಲ ಒಗೆಯುವಷ್ಟರಲ್ಲಿ ಕುರ್ತಿಯ ಪಕ್ಕದ ಹೊಲಿಗೆ ತಿರುಗಿ ಮುಂದಕ್ಕೆ ಬರುತ್ತದೆ. ಎರಡನೆಯದು ಫೋಲ್ಡ್ ಗುರುತು. ಆ ಅಂಚನ್ನು ಬಟ್ಟೆಯ ಮಡಿಕೆಗೆ ತಾಗಿಸಿಡಬೇಕು, ಅಲ್ಲಿ ಕತ್ತರಿಸಬಾರದು. ಮೂರನೆಯದು ನಾಚ್, ಅಂದರೆ ಅಂಚಿನಲ್ಲಿರುವ ಚಿಕ್ಕ ತ್ರಿಕೋನ. ಸಾಮಾನ್ಯವಾಗಿ ಕಂಕುಳ ಬಾಗಿನಲ್ಲಿ ಒಂದು ನಾಚ್ ಇದ್ದರೆ ಮುಂಭಾಗ, ಜೋಡಿ ನಾಚ್ ಇದ್ದರೆ ಹಿಂಭಾಗ. ತೋಳು ಕೂಡಿಸುವಾಗ ಒಂದಕ್ಕೆ ಒಂದು, ಎರಡಕ್ಕೆ ಎರಡು ಸೇರಿಸಿದರೆ ಎಡ ಬಲ ಅದಲುಬದಲಾಗುವುದಿಲ್ಲ.

ಮಾರ್ಜಿನ್ ವಿಷಯದಲ್ಲಿ ವಿದೇಶಿ ಪ್ಯಾಟರ್ನ್‌ಗೂ ನಮ್ಮ ಟೈಲರ್‌ಗಳಿಗೂ ದೊಡ್ಡ ವ್ಯತ್ಯಾಸ. ಅಮೆರಿಕದ ಪ್ಯಾಟರ್ನ್‌ಗಳಲ್ಲಿ ಹೊಲಿಗೆಗೆಂದು ಒಂದೂವರೆ ಸೆಂಟಿಮೀಟರ್ ಸೇರಿಸಿಯೇ ಗೆರೆ ಹಾಕಿರುತ್ತಾರೆ. ಬುರ್ದಾ ಮ್ಯಾಗಜಿನ್‌ನ ಪ್ಯಾಟರ್ನ್‌ಗಳಲ್ಲಿ ಸೇರಿಸುವುದಿಲ್ಲ, ನಾವೇ ಬಿಟ್ಟುಕೊಳ್ಳಬೇಕು. ಕತ್ತರಿಸುವ ಮೊದಲು ಇದನ್ನು ಓದಿ ಖಚಿತ ಮಾಡಿಕೊಳ್ಳಿ. ನಮ್ಮ ಟೈಲರ್‌ಗಳು ಪಕ್ಕದಲ್ಲಿ ಒಂದಿಂಚಾದರೂ ಬಿಡುತ್ತಾರೆ, ಮುಂದೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಲು. ಈ ಪದ್ಧತಿ ನನಗೆ ಹೆಚ್ಚು ಇಷ್ಟ. ಒಂದು ಅಂಗಿ ಹತ್ತು ವರ್ಷ ಬಾಳಿಕೆ ಬರುವುದು ಆ ಒಂದಿಂಚಿನಿಂದ. ಹಾಗಾಗಿ ಯಾವ ಪ್ಯಾಟರ್ನ್ ಆದರೂ ಪಕ್ಕಕ್ಕೆ ಒಂದಿಂಚು, ಭುಜಕ್ಕೂ ಕಂಕುಳಿಗೂ ಅರ್ಧ ಇಂಚು, ಕುತ್ತಿಗೆಗೆ ಕಾಲು ಇಂಚು ಇರುವಂತೆ ಗೆರೆ ಹಾಕಿಕೊಳ್ಳಿ.

ಈಗ ಹೊಸ ಬಟ್ಟೆ ಪಕ್ಕಕ್ಕಿಡಿ. ಮೊದಲು ಹಳೆಯ ಪಂಚೆ ಅಥವಾ ಬೆಡ್‌ಶೀಟ್‌ನಲ್ಲಿ ಒಂದು ಮಾದರಿ ಕತ್ತರಿಸಿ, ಮೆಷಿನ್‌ನಲ್ಲಿ ಹೊಲಿಗೆ ಉದ್ದವನ್ನು 4ಕ್ಕೆ ಇಟ್ಟು ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. "ಎರಡು ಸಲ ಯಾಕೆ ಹೊಲಿಯಬೇಕು?" ಎಂದು ನನ್ನ ಅತ್ತಿಗೆಯೂ ಕೇಳಿದ್ದರು. ಅವರಿಗೆ ಮಾದರಿ ತೊಡಿಸಿ ಕನ್ನಡಿ ಮುಂದೆ ನಿಲ್ಲಿಸಿದೆ. ನಿಂತಾಗ ಎಲ್ಲ ಸರಿಯೇ ಇತ್ತು. "ಬಸ್ಸಿನ ಕಂಬಿ ಹಿಡಿದ ಹಾಗೆ ಕೈ ಎತ್ತಿ ಅತ್ತಿಗೆ" ಅಂದೆ. ಕೈ ಎತ್ತಿದ ಕೂಡಲೇ ಇಡೀ ಅಂಗಿ ನಾಲ್ಕಿಂಚು ಮೇಲಕ್ಕೆ ಬಂತು. ಕಂಕುಳು ಬಿಗಿ ಇದೆ, ಇನ್ನೂ ಕೆಳಕ್ಕೆ ಕತ್ತರಿಸು ಎಂದರು ಅವರು. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಆದರೆ ತೊಂದರೆ ತದ್ವಿರುದ್ಧ ಇತ್ತು. ಕಂಕುಳ ಬಾಗು ಮೈಯಿಂದ ದೂರ, ತೀರಾ ಕೆಳಗೆ ಇದ್ದರೆ, ಕೈ ಎತ್ತಿದಾಗ ತೋಳು ಪಕ್ಕದ ಬಟ್ಟೆಯನ್ನೆಲ್ಲ ಜೊತೆಗೆ ಎಳೆಯುತ್ತದೆ. ಬಾಗು ಮೇಲಿದ್ದಷ್ಟೂ ಕೈಗೆ ಸ್ವಾತಂತ್ರ್ಯ ಹೆಚ್ಚು. ಕಾಗದ ಅಂಟಿಸಿ ಬಾಗನ್ನು ಅರ್ಧ ಇಂಚು ಮೇಲೆ ತಂದೆವು. ತೋಳಿನ ಕಾಗದದಲ್ಲೂ ಕಂಕುಳ ತುದಿಯಲ್ಲಿ ಅಷ್ಟೇ ಏರಿಸಿದೆವು. ಮತ್ತೆ ಹೊಲಿದ ಮಾದರಿಯಲ್ಲಿ ಕೈ ಎತ್ತಿದರೆ ಅಂಗಿ ಬಹುಮಟ್ಟಿಗೆ ಅಲ್ಲೇ ನಿಂತಿತು.

ಮಾದರಿಯಲ್ಲಿ ಸುಕ್ಕುಗಳನ್ನು ಗಮನಿಸಿ. ಓರೆಯಾಗಿ ಎಳೆದ ಸುಕ್ಕು ಯಾವ ಕಡೆ ಮುಖ ಮಾಡಿರುತ್ತದೋ ಅಲ್ಲಿ ಬಟ್ಟೆ ಸಾಲದು. ಸಡಿಲವಾಗಿ ತೂಗುವ ಮಡಿಕೆ ಬಿದ್ದರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ. ಗುಂಡುಸೂಜಿ ಚುಚ್ಚಿ ಸರಿಮಾಡಿ, ಆ ಬದಲಾವಣೆಯನ್ನು ಮರೆಯದೆ ಕಾಗದಕ್ಕೆ ಇಳಿಸಿ.

ಮೈಗೆ ಸರಿಹೋದ ಮೇಲೆ ನಿಮ್ಮ ಇಷ್ಟದ ಬದಲಾವಣೆ. ಮೊದಮೊದಲು ಭುಜ ಮತ್ತು ಕಂಕುಳನ್ನು ಮುಟ್ಟಬೇಡಿ. ಉದ್ದ, ಕುತ್ತಿಗೆ, ತೋಳಿನ ಉದ್ದ, ಕೆಳಗಿನ ಘೇರು, ಜೇಬು, ಇವನ್ನು ಧೈರ್ಯವಾಗಿ ಬದಲಿಸಿ. ಒಂದೇ ನಿಯಮ: ಮುಂಭಾಗದಲ್ಲಿ ಏನು ಮಾಡಿದರೂ ಅದಕ್ಕೆ ಕೂಡುವ ಹಿಂಭಾಗದಲ್ಲೂ ಮಾಡಬೇಕು. ಮುಂದಿನ ಕುತ್ತಿಗೆಯನ್ನು ಭುಜದ ಹತ್ತಿರ ಅರ್ಧ ಇಂಚು ಅಗಲ ಮಾಡಿದರೆ ಹಿಂದಿನದೂ ಅರ್ಧ ಇಂಚು ಅಗಲವಾಗಬೇಕು, ಇಲ್ಲದಿದ್ದರೆ ಭುಜದ ಹೊಲಿಗೆಗಳು ಒಂದಕ್ಕೊಂದು ಸೇರುವುದಿಲ್ಲ. ಕುತ್ತಿಗೆಯ ಆಳಕ್ಕೆ ಮಾತ್ರ ಈ ನಿಯಮ ಇಲ್ಲ; ಮುಂದೆ ಹಿಂದೆ ಎರಡನ್ನೂ ಆಳ ಮಾಡಬೇಡಿ, ಅಂಗಿ ಭುಜದಿಂದ ಜಾರುತ್ತದೆ. ಒಂದನ್ನು ಆರಿಸಿಕೊಳ್ಳಿ.

ಘೇರು ಹೆಚ್ಚಿಸಲು ಒಂದು ಸುಂದರ ಉಪಾಯವಿದೆ. ಪ್ಯಾಟರ್ನ್‌ನ ಕೆಳಗಿನ ಅಂಚಿನಿಂದ ಕಂಕುಳ ಕಡೆಗೆ ನೇರ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಕತ್ತರಿಸುತ್ತ ಹೋಗಿ, ಮೇಲಿನ ತುದಿಯಲ್ಲಿ ಒಂದು ಕೂದಲೆಳೆಯಷ್ಟು ಬಿಡಿ. ಈಗ ಕಾಗದ ಬೀಸಣಿಗೆಯ ಹಾಗೆ ತೆರೆಯುತ್ತದೆ. ಕೆಳಗೆ ಎರಡಿಂಚು ತೆರೆದು, ಹಿಂದಿನಿಂದ ಇನ್ನೊಂದು ಕಾಗದ ಅಂಟಿಸಿ. ಮೇಲೆ ಅಳತೆ ಬದಲಾಗಲಿಲ್ಲ, ಕೆಳಗೆ ಮಾತ್ರ ಅಗಲವಾಯಿತು. ಕಾಗದ ಅರ್ಧ ಭಾಗದ್ದು, ಮಡಿಕೆಯ ಮೇಲಿಟ್ಟು ಕತ್ತರಿಸಿದಾಗ ಎರಡಿಂಚು ನಾಲ್ಕಾಗುತ್ತದೆ; ಮುಂದೆ ಹಿಂದೆ ಎರಡಕ್ಕೂ ಹೀಗೆ ಮಾಡಿದರೆ ಒಟ್ಟು ಎಂಟಿಂಚು ಘೇರು ಹೆಚ್ಚುತ್ತದೆ.

ಜೇಬನ್ನು ದಯವಿಟ್ಟು ಇಡಿ. ಪಕ್ಕದ ಹೊಲಿಗೆಯಲ್ಲಿ, ಸೊಂಟದಿಂದ ಸುಮಾರು ಮೂರಿಂಚು ಕೆಳಗೆ ಶುರುವಾಗಿ, ಆರೂವರೆ ಇಂಚಿನ ಬಾಯಿ ಇದ್ದರೆ ಕೈಯೂ ಹೋಗುತ್ತದೆ, ಫೋನೂ ಹೋಗುತ್ತದೆ. ಚೀಲದ ಆಕಾರಕ್ಕೆ ನಿಮ್ಮ ಅಂಗೈಯನ್ನೇ ಕಾಗದದ ಮೇಲಿಟ್ಟು ಸುತ್ತ ಒಂದಿಂಚು ಬಿಟ್ಟು ಬರೆದುಕೊಳ್ಳಿ.

ಅಮ್ಮನ ಹಳೆಯ ಸೀರೆಯಿಂದ ಹೊಲಿಯುವ ಆಸೆ ಬಹಳ ಜನರಿಗೆ ಇದೆ. ಒಂದು ವಿಷಯ ಮೊದಲೇ ತಿಳಿದಿರಲಿ. ಎ-ಲೈನ್ ಅಂಗಿಯ ಕೆಳಗಿನ ಅಂಚು ಬಾಗಿರುತ್ತದೆ, ಸೀರೆಯ ಅಂಚು ನೇರ. ಎರಡೂ ಕೂಡುವುದಿಲ್ಲ. ಇಳಕಲ್ ಸೀರೆಯ ಕೆಂಪು ದಡಿ ಅಂಗಿಯ ಕೆಳಗೆ ಬರಲೇಬೇಕೆಂದರೆ ಪ್ಯಾಟರ್ನನ್ನು ಸೊಂಟದಲ್ಲಿ ಕತ್ತರಿಸಿ, ಕೆಳಭಾಗವನ್ನು ನೇರ ಆಯತವಾಗಿ ತೆಗೆದು ನೆರಿಗೆ ಹಿಡಿದು ಕೂಡಿಸಿ. ಆಗ ದಡಿ ಸುತ್ತಲೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗುಳೇದಗುಡ್ಡದ ಖಣ ಬಳಸುವುದಾದರೆ ಅದು ಕುಪ್ಪಸಕ್ಕೆಂದು ನೇಯ್ದದ್ದು, ಅಗಲ ಕಡಿಮೆ. ಇಡೀ ಕುರ್ತಿಗೆ ಹೋಗದೆ ಎದೆಪಟ್ಟಿಗೆ, ತೋಳಿಗೆ ಇಟ್ಟರೆ ಚೆಲುವಾಗಿ ಕಾಣುತ್ತದೆ. ಕಸೂತಿ ಹಾಕುವ ಆಸೆಯಿದ್ದರೆ ಬಟ್ಟೆ ಕತ್ತರಿಸುವ ಮೊದಲೇ ಹಾಕಬೇಕು. ಪ್ಯಾಟರ್ನ್ ಇಟ್ಟು ಚಾಕ್‌ನಲ್ಲಿ ಕುತ್ತಿಗೆಯ ಗೆರೆ ಬರೆದುಕೊಂಡು, ಇಡೀ ಬಟ್ಟೆ ಇರುವಾಗಲೇ ಎಳೆ ಎಣಿಸಿ ಗವಂತಿ, ಮುರ್ಗಿ ಹೊಲಿಗೆ ಹಾಕಿ ಮುಗಿಸಿ, ಆಮೇಲೆ ಕತ್ತರಿ ಹಿಡಿಯಿರಿ. ಕತ್ತರಿಸಿದ ತುಂಡಿನ ಅಂಚು ಕೈಯಾಡಿಸಿದಷ್ಟೂ ಎಳೆ ಬಿಡುತ್ತದೆ, ಆಕಾರ ಎಳೆದುಕೊಳ್ಳುತ್ತದೆ.

ಬಟ್ಟೆ ಎಷ್ಟು ಬೇಕು? ಉದ್ದ 40 ಇಂಚಿನ ಕುರ್ತಿಗೆ ಮಾರ್ಜಿನ್ ಸೇರಿ 43 ಇಂಚು. 44 ಇಂಚು ಅಗಲದ ಬಟ್ಟೆಯಲ್ಲಿ ಮುಂದೆ ಹಿಂದೆ ಒಂದರ ಕೆಳಗೊಂದು ಬಂದರೆ 86 ಇಂಚು, ಅಂದರೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಬಟ್ಟೆಯನ್ನು ಸರಿಯಾಗಿ ಅರ್ಧಕ್ಕೆ ಮಡಚಬೇಡಿ. ಪ್ಯಾಟರ್ನ್‌ಗೆ ಬೇಕಾದ 13 ಇಂಚಿನಷ್ಟೇ ಮಡಚಿದರೆ ಪಕ್ಕದಲ್ಲಿ 18 ಇಂಚಿನ ಒಂಟಿ ಪದರ ಉಳಿಯುತ್ತದೆ, ತೋಳುಗಳು ಅದರಲ್ಲೇ ಬರುತ್ತವೆ. ಎರಡೂಕಾಲು ಮೀಟರ್ ಸಾಕಾಗುತ್ತದೆ. 58 ಇಂಚು ಅಗಲದ ಬಟ್ಟೆಯಾದರೆ ಎರಡೂ ಅಂಚುಗಳನ್ನು ನಡುವಿಗೆ ತಂದು ಮಡಚಿ. ಎರಡು ಮಡಿಕೆ ಸಿಗುತ್ತವೆ, ಒಂದೂವರೆ ಮೀಟರಿನಲ್ಲಿ ಗಿಡ್ಡ ತೋಳಿನ ಕುರ್ತಿ ಮುಗಿಯುತ್ತದೆ. ಎಲ್ಲಕ್ಕಿಂತ ಮೊದಲು ಬಟ್ಟೆಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಖಾದಿ ಹೆಚ್ಚು ಕುಗ್ಗುತ್ತದೆ, ಅದಕ್ಕೆ ಕಾಲು ಮೀಟರ್ ಹೆಚ್ಚೇ ತನ್ನಿ.

ಹೊಲಿಯುವ ಕ್ರಮ ಹೀಗೆ. ಡಾರ್ಟ್, ಅಂದರೆ ಎದೆಯ ಉಬ್ಬಿಗಾಗಿ ಹಿಡಿಯುವ ಮಡಿಕೆ, ಇದ್ದರೆ ಅದು ಮೊದಲು. ಆಮೇಲೆ ಭುಜ. ಆಮೇಲೆ ಕುತ್ತಿಗೆಗೆ ಕ್ರಾಸ್ ಪಟ್ಟಿ. ಬಟ್ಟೆಯನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಪಟ್ಟಿ ಇದು. ಒಂದೂಕಾಲು ಇಂಚು ಅಗಲ ಇರಲಿ, ಓರೆಯಾಗಿರುವುದರಿಂದ ಬಾಗಿನಲ್ಲಿ ಸುಕ್ಕಿಲ್ಲದೆ ತಿರುಗುತ್ತದೆ. ನಂತರ ಪಕ್ಕ ಇನ್ನೂ ತೆರೆದಿರುವಾಗಲೇ ತೋಳು ಕೂಡಿಸಿ, ಜೇಬಿನ ಚೀಲಗಳನ್ನು ಪಕ್ಕದ ಅಂಚಿಗೆ ಹೊಲಿದುಕೊಳ್ಳಿ. ತೋಳಿನ ತುದಿಯಿಂದ ಕಂಕುಳು ಹಾದು, ಜೇಬನ್ನು ಬಳಸಿ, ಕೆಳಗಿನ ತನಕ ಒಂದೇ ಹೊಲಿಗೆಯಲ್ಲಿ ಪಕ್ಕ ಮುಚ್ಚಿ. ಕೊನೆಗೆ ಕೆಳಗಿನ ಮಡಿಕೆ. ಸಾಧಾರಣ ಹತ್ತಿಗೆ 14 ನಂಬರ್ ಸೂಜಿ, ಹೊಲಿಗೆ ಉದ್ದ ಎರಡೂವರೆ. ಪ್ರತಿ ಹೊಲಿಗೆಯಾದ ಮೇಲೂ ಇಸ್ತ್ರಿ ಮುಟ್ಟಿಸಿ. ಮನೆ ಹೊಲಿಗೆ ಮನೆ ಹೊಲಿಗೆಯ ಹಾಗೆ ಕಾಣುವುದು ಹೆಚ್ಚಾಗಿ ಇಸ್ತ್ರಿ ಬಿಟ್ಟಿದ್ದರಿಂದ.

ಕಳೆದ ತಿಂಗಳು ನಾನು ಹೊಲಿದ ಕುರ್ತಿಯ ಲೆಕ್ಕ ಹೇಳುತ್ತೇನೆ. ಮೀಟರಿಗೆ 160 ರೂಪಾಯಿಯ ಹತ್ತಿ ಬಟ್ಟೆ ಎರಡೂಕಾಲು ಮೀಟರಿಗೆ 360, ದಾರ 15, ಬ್ರೌನ್ ಪೇಪರ್ 30, ಪಕ್ಕದ ಬೀದಿಯ ಟೈಲರ್ ಅಂಗಡಿಯಲ್ಲಿ ಓವರ್‌ಲಾಕ್ 30. ಒಟ್ಟು 435 ರೂಪಾಯಿ, ಎರಡು ಭಾನುವಾರ. ಟೇಪ್, ಚಾಕ್, ಗುಂಡುಸೂಜಿ ಮೊದಲೇ ಇದ್ದವು. ಕತ್ತರಿಗೆ ಮಾತ್ರ ಜಿಪುಣತನ ಬೇಡ. ಬಟ್ಟೆಗೆ ಒಂದು, ಕಾಗದಕ್ಕೆ ಒಂದು ಬೇರೆ ಇಟ್ಟುಕೊಳ್ಳಿ. ಕಾಗದ ಕತ್ತರಿಸಿದ ಕತ್ತರಿ ಬಟ್ಟೆಯನ್ನು ಜಗಿಯುತ್ತದೆ.

ಸಾಮಾನು ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ, ಹುಬ್ಬಳ್ಳಿಯವರಿಗೆ ದುರ್ಗದಬೈಲ್ ಸುತ್ತಮುತ್ತ ಸಿಗುತ್ತದೆ; ಸಣ್ಣ ಊರಲ್ಲಿ ಟೈಲರ್‌ಗಳು ಗುಂಡಿ, ಕ್ಯಾನ್ವಾಸ್ ತರುವ ಅಂಗಡಿ ಯಾವುದೆಂದು ಕೇಳಿದರೆ ಸಾಕು. ಕೈಮಗ್ಗದ ಬಟ್ಟೆಗೆ ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಕ್ರಮವಾಗಿ ಕಲಿಯಬೇಕು, ಮುಂದೆ ಇದರಿಂದಲೇ ನಾಲ್ಕು ಕಾಸು ದುಡಿಯಬೇಕು ಎನ್ನುವವರು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಶಾಖೆಗಳಲ್ಲಿ, ಅದೇ ಮಾದರಿಯ ಜಿಲ್ಲಾ ಆರ್‌ಸೆಟಿಗಳಲ್ಲಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ, ವಿಚಾರಿಸಿ. ಊಟ, ವಸತಿ ಸಹಿತ ಉಚಿತ ಹೊಲಿಗೆ ತರಬೇತಿ ಅಲ್ಲಿ ನಡೆಯುತ್ತದೆ.

ಕುರ್ತಿ ಮುಗಿದ ಮೇಲೆ ಪ್ಯಾಟರ್ನನ್ನು ಮಡಚಬೇಡಿ, ಮಡಿಕೆಯಲ್ಲಿ ಹರಿಯುತ್ತದೆ. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಹೊರಗೆ ಯಾರ ಅಳತೆ, ಯಾವ ತಿಂಗಳು, ಎದೆ ಎಷ್ಟು, ಕುತ್ತಿಗೆ ಎಷ್ಟು ಇಳಿಸಿದ್ದು, ಎಷ್ಟು ಬಟ್ಟೆ ಹಿಡಿಯಿತು ಎಂದು ಬರೆದಿಡಿ. ಮುಂದಿನ ಕುರ್ತಿಗೆ ಅರ್ಧ ಕೆಲಸ ಆಗಿಯೇ ಹೋಗಿರುತ್ತದೆ.

ಈ ವಾರ ಬಟ್ಟೆ ಅಂಗಡಿಗೆ ಹೋಗಬೇಡಿ. ಮನೆಯಲ್ಲಿ ಮೆತ್ತಗಾದ ಪಂಚೆಯೋ ಬೆಡ್‌ಶೀಟೋ ಇದ್ದರೆ ಒಗೆದು ಇಸ್ತ್ರಿ ಮಾಡಿ ತೆಗೆದಿಡಿ. ಮೊದಲ ಕತ್ತರಿ ಅದರ ಮೇಲೆ ಆಡಲಿ.